ತಗಡಿನ ಮಾಣಿಯೂ ನನ್ನ ಕ್ರಾಫ್ಟ್ ಕ್ಲಾಸೂ

ತಗಡು, ತಂತಿ, ದಾರ ಇಟ್ಟುಕೊಂಡು ಗೊಂಬೆ ಕುಣಿಸುವವರ ಹತ್ತಿರ ನಗು ಹೇಳಿಕೇಳಿ ಬರುವುದಿಲ್ಲ, ನೇರ ಒಳಗೇ ನುಗ್ಗುತ್ತದೆ. ಎಪ್ಪತ್ತರ ದಶಕದಲ್ಲಿ ನಮ್ಮೆಜಮಾನರಿಗೆ ಬ್ಯಾಂಕಿನಲ್ಲಿ ಮದ್ರಾಸಿಗೆ ವರ್ಗವಾಯಿತು. ಮೈಸೂರು ಬಿಟ್ಟು ಬಂದ ನಾನು ಅಣ್ಣಾ ನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕ್ರಾಫ್ಟ್ ಟೀಚರ್ ಆದೆ. ನನಗೆ ಸೂಜಿಗಿಂತ ಇಕ್ಕಳ ಇಷ್ಟ. ಹಿಡಿ ತಿರುಗಿಸಿದರೆ ಆಡುವ ಆಟಿಕೆಗಳನ್ನೇ ಮಾಡಿಸತೊಡಗಿದೆ.

ಬೋಳು ಕೊಡೆ

ಒಂದು ಬೆಳಿಗ್ಗೆ ಹುಡುಗಿಯೊಬ್ಬಳ ಅಪ್ಪ ಜೋತುಬಿದ್ದ ಕೊಡೆ ಹಿಡಿದು ಬಂದರು.

“ಏನು ಟೀಚರ್ ಇದು? ಓದೋಕೆ ಕಳಿಸಿದರೆ ಕೊಡೆ ಕಡ್ಡಿಯೆಲ್ಲ ಕಿತ್ತಿದ್ದಾಳೆ!” ಎಂದು ತಮಿಳಿನಲ್ಲಿ ಗುಡುಗಿದರು.

ಅವರ ಮಗಳು ಅದೇ ಕಡ್ಡಿಗಳನ್ನು ಜೋಡಿಸಿ ಮಾಡಿದ್ದ ತಗಡಿನ ಹಕ್ಕಿಯನ್ನು ಮುಂದಿಟ್ಟೆ. ಅವರು ಸಿಟ್ಟಿನಿಂದಲೇ ಹಿಡಿ ತಿರುಗಿಸಿದರು. ಹಕ್ಕಿ ರೆಕ್ಕೆ ಬಡಿಯಿತು. ಮತ್ತೆ ತಿರುಗಿಸಿದರು. ಕುರ್ಚಿ ಎಳೆದುಕೊಂಡು ಕೂತು ತಿರುಗಿಸಿದರು. ಬೆಲ್ ಹೊಡೆದರೂ ಏಳಲಿಲ್ಲ. ಕೊನೆಗೆ ಮೆಲ್ಲಗೆ ಹೇಳಿದರು:

“ಟೀಚರ್, ಮನೆಯಲ್ಲಿ ಇನ್ನೊಂದು ಕೊಡೆ ಇದೆ.”

ತಲೆಯಾಡಿಸುವ ಶೆಟ್ಟರು

ನವರಾತ್ರಿಯಲ್ಲಿ ನಮ್ಮತ್ತೆಗೆ ಒಂದೇ ಕೊರಗು. ಎದುರುಮನೆ ಮಾಮಿ ಮೆಟ್ಟಿಲ ಮೇಲೆ ಗೊಂಬೆ ಕೂರಿಸಿದ ಕೊಲುವಿನಲ್ಲಿ ಕಾರಂಜಿ ಚಿಮ್ಮುತ್ತಿತ್ತು. “ನಮ್ಮ ಗೊಂಬೆಗಳು ಮಂಕು ಬಡಿದ ಹಾಗೆ ಕೂತಿವೆ ಕಣೇ” ಎಂದರು. ನಾನು ಕಾಗದದ ರಟ್ಟಿನಲ್ಲಿ ಶೆಟ್ಟರು, ಶೆಟ್ಟಮ್ಮನನ್ನು ಮಾಡಿ, ಕುತ್ತಿಗೆಗೆ ದಾರ ಕಟ್ಟಿ, ಮೆಟ್ಟಿಲ ಹಿಂದೆ ಹಿಡಿ ಇಟ್ಟೆ. ತಿರುಗಿಸಿದರೆ ಇಬ್ಬರೂ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದರು. ಬೀದಿಯೇ ನಮ್ಮನೆಗೆ ಬಂತು. ಅತ್ತೆ ಗೆದ್ದರು.

ಎದುರುಮನೆ ಮಾಮಿಯೂ ಬಂದು ಹಾಡಲು ಕೂತರು. ಶ್ರುತಿ ಒಂದು ಕಡೆ, ಅವರು ಒಂದು ಕಡೆ. ಆದರೂ ನಾನು ಮೆಟ್ಟಿಲ ಹಿಂದೆ ಕೂತು ಹಿಡಿ ತಿರುಗಿಸಿದಂತೆಲ್ಲ ಶೆಟ್ಟಿ ದಂಪತಿ ತಲೆದೂಗುತ್ತಿದ್ದುದನ್ನು ಕಂಡು ಅವರಿಗೆ ಹುರುಪೋ ಹುರುಪು. ಹಾಡು ಮುಗಿದರೆ ಇನ್ನೊಂದು ಶುರು. ಅತ್ತೆ ಮೆಟ್ಟಿಲ ಹಿಂದೆ ಬಗ್ಗಿ ನನ್ನ ಕಿವಿಯಲ್ಲಿ ಕೇಳಿದರು:

“ಹೂಂ ಅನ್ನಿಸಿದ್ದು ಸಾಕು. ಊಹೂಂ ಅನ್ನಿಸೋಕೆ ಬರಲ್ವೇನೆ?”

ತಗಡಿನ ಮಾಣಿ

ಎಂಬತ್ತರ ದಶಕದಲ್ಲಿ ಹೊಸ ಹೆಡ್‌ಮಿಸ್ಟ್ರೆಸ್ ಬಂದರು. “ಆಟ ಆಡೋಕೆ ಸ್ಕೂಲ್ ಯಾಕೆ? ಈ ಸಲ ಎಕ್ಸಿಬಿಷನ್‌ನಲ್ಲಿ ಪ್ರೈಜ್ ಬರದಿದ್ದರೆ ನಿಮ್ಮ ಪೀರಿಯಡ್ ಗಣಿತಕ್ಕೆ” ಎಂದುಬಿಟ್ಟರು. ನನ್ನ ಹುಡುಗಿಯರು ರೋಷದಿಂದ ಬಿಸ್ಕತ್ತಿನ ಡಬ್ಬಗಳಲ್ಲಿ ಒಬ್ಬ ಹೋಟೆಲ್ ಮಾಣಿಯನ್ನು ಕಟ್ಟಿದರು. ಹಿಡಿ ತಿರುಗಿಸಿದರೆ ಎರಡು ಗಾಲಿಗಳಿಗೆ ಸುತ್ತಿದ ಸೈಕಲ್ ಟ್ಯೂಬಿನ ಪಟ್ಟಿ ಅವನನ್ನು ಎಡಕ್ಕೆ ತಿರುಗಿಸುತ್ತಿತ್ತು. ಅವನು ಬಗ್ಗಿ ಜಗ್ಗಿನಿಂದ ನಿಜವಾದ ಕಾಫಿ ಸುರಿಯುತ್ತಿದ್ದ.

ತೀರ್ಪುಗಾರರು ಬರುವ ಹೊತ್ತಿಗೆ ಸರಿಯಾಗಿ ಪಟ್ಟಿ ಪಟ್ಟೆಂದು ಹರಿಯಿತು. ಒಬ್ಬ ಹುಡುಗಿ ಜಡೆಯ ರಿಬ್ಬನ್ ಬಿಚ್ಚಿ ಗಾಲಿಗಳಿಗೆ ಕಟ್ಟಿಯೇಬಿಟ್ಟಳು. ಅವಸರದಲ್ಲಿ ರಿಬ್ಬನ್ ನಡುವೆ ಅಡ್ಡ ಹಾಯ್ದಿದ್ದನ್ನು ಯಾರೂ ನೋಡಲಿಲ್ಲ.

ತೀರ್ಪುಗಾರರು ಎಡಗಡೆ ಲೋಟ ಹಿಡಿದು ನಿಂತರು. ಹುಡುಗಿ ಹಿಡಿ ತಿರುಗಿಸಿದಳು. ಅಡ್ಡ ಬಿದ್ದ ರಿಬ್ಬನ್ ಗಾಲಿಯನ್ನು ಉಲ್ಟಾ ಓಡಿಸಿತು; ಮಾಣಿ ಅವರಿಗೆ ಬೆನ್ನು ಹಾಕಿ ಗಂಭೀರವಾಗಿ ಬಲಕ್ಕೆ ತಿರುಗಿದ. ಅಲ್ಲಿ ಹೆಡ್‌ಮಿಸ್ಟ್ರೆಸ್! ರೇಷ್ಮೆ ಸೀರೆ ಉಳಿಸಿಕೊಳ್ಳಲು ಅವರು ಮೇಜಿನ ಮೇಲಿದ್ದ ಲೋಟವೊಂದನ್ನು ಗಬಕ್ಕನೆ ಎತ್ತಿ ಒಡ್ಡಿದರು. ಒಂದು ಹನಿ ಕೆಳಗೆ ಬೀಳಲಿಲ್ಲ.

“ನನಗಲ್ಲವೇನಮ್ಮ ಕೊಡಬೇಕಾದದ್ದು?” ತೀರ್ಪುಗಾರರು ಹುಬ್ಬೇರಿಸಿದರು.

ರಿಬ್ಬನ್ನಿನ ಹುಡುಗಿ ತಡವರಿಸಲೇ ಇಲ್ಲ. “ಸಾರ್, ಇವನು ನಮ್ಮ ಸ್ಕೂಲ್‌ನವನು. ಮೊದಲು ನಿಮಗೆ ಕೊಟ್ಟರೆ ಎಚ್ಚೆಮ್ ಮೇಡಂ ಇವನಿಗೆ ಟೀಸಿ ಕೊಟ್ಟುಬಿಡ್ತಾರೆ!”

ಪೆಂಡಾಲೇ ನಕ್ಕಿತು. ಮೊದಲ ಬಹುಮಾನ ನಮಗೇ. ಹುಡುಗಿಯರು ಮಾಣಿಯನ್ನು ಹೆಗಲ ಮೇಲೆ ಹೊತ್ತು ಕೂಗುತ್ತ ನಡೆದರು. ಹೆಡ್‌ಮಿಸ್ಟ್ರೆಸ್ ಬಹುಮಾನದ ಕಪ್ಪನ್ನು ಎದೆಗವಚಿಕೊಂಡು ನನ್ನ ಪಕ್ಕಕ್ಕೆ ಬಂದರು. ಗಣಿತದ ಮಾತೇ ಇಲ್ಲ. ಮುಖ ಬಿಗಿದುಕೊಂಡು ಇಷ್ಟೇ ಹೇಳಿದರು:

“ಟೀಚರ್, ಮುಂದಿನ ವರ್ಷ ಸಕ್ಕರೆ ಹಾಕೋದನ್ನೂ ಅವನಿಗೆ ಕಲಿಸಿ.”