ಮಾವನ ಗಡಿಯಾರ ಮತ್ತು ನನ್ನ ರಸಮಟ್ಟ

ನಾನು ಮುಟ್ಟಿದ್ದೆಲ್ಲ ನಿಂತುಹೋಗುತ್ತದೆ ಎನ್ನುವುದು ನನ್ನ ಹೆಂಡತಿಯ ದೂರು. ಗೋಡೆ ನೇರವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡುವುದು ನನ್ನ ಕಸುಬು. ಇಪ್ಪತ್ತು ವರ್ಷಗಳಲ್ಲಿ ನಾನು ಮುಟ್ಟಿದ ಗೋಡೆಗಳೆಲ್ಲ ನಿಂತಿವೆ, ನಿಜ. (ಗೋಡೆ ನಿಲ್ಲುವುದು ಒಳ್ಳೆಯದೇ ತಾನೆ?)

ಮಾವನವರು ತೀರಿಕೊಂಡ ಮೇಲೆ ಅವರ ಲೋಲಕದ ಗಡಿಯಾರ ನಮ್ಮ ಪಾಲಿಗೆ ಬಂತು. ಅದರ ಬಗ್ಗೆ ನನಗೆ ಮೊದಲಿನಿಂದಲೂ ಕುತೂಹಲ. ನಾನು ಮಾವನ ಮನೆಗೆ ಹೋದಾಗಲೆಲ್ಲ ಅದು ನಿಂತುಬಿಡುತ್ತಿತ್ತು. ಅಳಿಯದೇವರ ಎದುರು ಸದ್ದು ಮಾಡಬಾರದೆಂಬ ಗೌರವ ಇರಬೇಕು ಎಂದುಕೊಂಡಿದ್ದೆ.

ಹೆಂಡತಿ ಅದನ್ನು ನಡುಮನೆಯಲ್ಲಿ ತೂಗುಹಾಕಿ ಲೋಲಕ ತಟ್ಟಿದಳು. ನಡೆಯಿತು. ಆದರೆ ಒಂದು ಬೆರಳು ಓರೆ! ಅವಳು ಅಡುಗೆಮನೆಗೆ ಹೋದದ್ದೇ ತಡ, ರಸಮಟ್ಟ ತಂದು ನೇರ ಮಾಡಿದೆ. ಹತ್ತು ನಿಮಿಷಕ್ಕೆ ಗಡಿಯಾರ ಸ್ತಬ್ಧ.

"ಏನ್ ಮಾಡಿದ್ರಿ?"

"ನಾನೇನೂ ಮಾಡಿಲ್ಲ ಕಣೆ. ವಯಸ್ಸಾಗಿದೆ, ಎಣ್ಣೆ ಬೇಕು ಅದಕ್ಕೆ."

ಅಂದಿನಿಂದ ನನ್ನ ಮಹಾಸಂಶೋಧನೆ ಶುರುವಾಯಿತು. ಹೊಲಿಗೆಯಂತ್ರದ ಎಣ್ಣೆ ಕುಡಿಸಿದೆ, ಕೋಳಿಪುಕ್ಕದಿಂದ ಹಲ್ಲುಚಕ್ರಗಳ ಧೂಳು ತೆಗೆದೆ, ಕೀಲಿ ಕೊಟ್ಟೆ. ಪ್ರತಿ ಸಲವೂ ಕೂದಲೆಳೆಯಷ್ಟೂ ಓರೆಯಾಗದಂತೆ ನಿಲ್ಲಿಸಿದೆ. ಪ್ರತಿ ಸಲವೂ ಹತ್ತೇ ನಿಮಿಷ. ಯಾಕೆ ಒಂಬತ್ತಲ್ಲ? ಯಾಕೆ ಹನ್ನೊಂದಲ್ಲ? ಊಟ ಮರೆತು ಅದರ ಹೊಟ್ಟೆಗೆ ಕಿವಿಯಿಟ್ಟೆ. ಟಿಕ್‌ಟಕ್... ಟಿಕ್‌ಟಕ್... ಕಾಲು ಉಳುಕಿದವರ ನಡಿಗೆಯ ಹಾಗೆ ಕೇಳುತ್ತಿತ್ತು.

ಶನಿವಾರ ಅವಳ ತಮ್ಮ ಫೋನ್ ಮಾಡಿದ. "ಅಕ್ಕಾ, ಭಾವನ ಕೈಲಿ ಆಗೋ ಕೆಲ್ಸ ಅಲ್ಲ ಅದು. ನಾಳೆ ಬಂದು ನಾನೇ ತಗೊಂಡ್ ಹೋಗ್ತೀನಿ."

ಅವಳು ನನ್ನೊಡನೆ ಜಗಳವಾಡಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. "ಆ ಸದ್ದು ಕೇಳ್ತಿದ್ರೆ ಅಪ್ಪ ಪಕ್ಕದ ರೂಮಲ್ಲೇ ಇದ್ದ ಹಾಗಿರುತ್ತೆ ರೀ," ಎಂದಳು, ಅಷ್ಟೇ. ನಾನು ಹೋಗಿ ಗಡಿಯಾರಕ್ಕೆ ಇನ್ನಷ್ಟು ಎಣ್ಣೆ ಹಾಕಿದೆ.

ಭಾನುವಾರ ಭಾವಮೈದುನ ಗಡಿಯಾರ ಸುತ್ತಿಕೊಳ್ಳಲು ಹಳೆಯ ದುಪ್ಪಟಿ ಸಮೇತ ಹಾಜರಾದ. ಗಡಿಯಾರ ಇಳಿಸಿ, ಅದರ ಬೆನ್ನು ತಿರುಗಿಸಿ ನೋಡಿದವನೇ ನಗತೊಡಗಿದ. ಅಲ್ಲೊಂದು ಚೀಟಿ ಅಂಟಿಸಿತ್ತು. (ಇಷ್ಟು ದಿನವೂ ಮುಂಬಾಗಿಲಿನಿಂದಲೇ ಚಿಕಿತ್ಸೆ ಮಾಡಿದ ನಾನು ಬೆನ್ನು ನೋಡಿರಲೇ ಇಲ್ಲ.) ಅಕ್ಷರ ಮಾವನವರದು:

"ಇದಕ್ಕೆ ಯಾವ ಕಾಯಿಲೆಯೂ ಇಲ್ಲ. ಬುಡ ಒಂದು ಬೆರಳು ಎಡಕ್ಕಿರಲಿ. ಟಿಕ್, ಟಕ್ ಎರಡೂ ಸಮನಾಗಿ ಕೇಳಬೇಕು. ಅಳಿಯಂದಿರು ನೇರ ಮಾಡಿ ಹೋದ ಮೇಲೆ ತಪ್ಪದೆ ಸರಿಪಡಿಸುವುದು. ಅವರಿಗೆ ಹೇಳಬೇಡಿ, ನೊಂದುಕೊಳ್ಳುತ್ತಾರೆ."

ಹೌದಲ್ಲ! ಆ ಮನೆಯ ಹೊಸ್ತಿಲು ದಾಟಿದೊಡನೆ ನನ್ನ ಕೈ ತಾನಾಗಿಯೇ ಗಡಿಯಾರದತ್ತ ಹೋಗುತ್ತಿತ್ತು. ಪಾಪ, ಆ ಹಿರಿಯರು ಒಂದು ದಿನವೂ ತುಟಿಪಿಟಕ್ಕೆನ್ನಲಿಲ್ಲ.

ಹೆಂಡತಿ ಗಡಿಯಾರವನ್ನು ಮತ್ತೆ ತೂಗುಹಾಕಿ, ಕಣ್ಣು ಮುಚ್ಚಿ, ಬುಡವನ್ನು ಮೆಲ್ಲಗೆ ಸರಿಸುತ್ತ ಆಲಿಸಿದಳು. ಟಿಕ್, ಟಕ್, ಟಿಕ್, ಟಕ್. ಹತ್ತು ನಿಮಿಷವಾಯಿತು. ಹನ್ನೊಂದೂ ಆಯಿತು. ಅವಳ ತಮ್ಮ ಖಾಲಿ ದುಪ್ಪಟಿಯನ್ನು ಮಡಚಿಕೊಂಡ. ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ನನ್ನತ್ತ ತಿರುಗಿ, "ರೀ, ಕೈ ಹಿಂದೆ!" ಎಂದು ಗದರಿದಳು. ನೋಡುತ್ತೇನೆ, ನನ್ನ ಬಲಗೈ ಆಗಲೇ ಅರ್ಧ ದಾರಿ ಹೋಗಿತ್ತು.

ರಸಮಟ್ಟ ಈಗ ಅವಳ ಬೀರುವಿನಲ್ಲಿದೆ. ಗಡಿಯಾರದ ಮುಂದೆ ಹಾದುಹೋಗುವಾಗ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕೆಂದು ಗೃಹಾಜ್ಞೆಯಾಗಿದೆ. ಕಂಡವರು, "ಮಾವನ ಮೇಲೆ ಎಷ್ಟು ಗೌರವ ನೋಡಿ!" ಎನ್ನುತ್ತಾರೆ. ನಾನು ಅಲ್ಲಗಳೆಯುವುದಿಲ್ಲ.