ಬಾಲ ಇದ್ದವರಿಗೆ ಮಾತ್ರ ಫೋಟೋ

ನಮ್ಮ ಅಕ್ಕನಿಗೆ ಮನುಷ್ಯರ ಮೇಲೆ ಸಿಟ್ಟೇನೂ ಇಲ್ಲ. ಆದರೆ ಅವಳ ಕ್ಯಾಮರಾದಲ್ಲಿ ಜಾಗ ಬೇಕೆಂದರೆ ನಿಮಗೆ ಬಾಲವಾದರೂ ಇರಬೇಕು, ಕೊಂಬಾದರೂ ಇರಬೇಕು. ಎರಡೂ ಇದ್ದರೆ ಎರಡು ಫೋಟೋ! ನನಗೆ ಎರಡೂ ಇಲ್ಲ. ಹಾಗಾಗಿ ಅವಳ ಹಿಂದೆ ಊರೂರು ಅಲೆದರೂ ಅವಳು ತೆಗೆದ ನನ್ನ ಫೋಟೋ ಒಂದೇ ಒಂದು. ಅದರಲ್ಲೂ ನಾನು ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದೇನೆ.

ಇಳಕಲ್ಲಿನ ನಮ್ಮ ಮನೆಯಲ್ಲಿ ಅಕ್ಕ ಕೈಮಗ್ಗದ ಮೇಲೆ ಸೀರೆ ನೇಯುತ್ತಿದ್ದಳು. ಆರನೇ ಇಯತ್ತೆಗೇ ಶಾಲೆ ಬಿಟ್ಟಿದ್ದ ನಾನು ಮದುವೆಯಾದ ಮೇಲೂ ಪವರ್‌ಲೂಮಿಗೇ ಹೋಗುತ್ತಿದ್ದೆ. ಕ್ಯಾಮರಾಗಳಲ್ಲಿ ರೀಲು ಹೋಗಿ ಕಾರ್ಡು ಬರುತ್ತಿದ್ದ ಕಾಲ ಅದು. ಬಾಗಲಕೋಟೆಯ ಫೋಟೋ ಸ್ಟುಡಿಯೋದವರೊಬ್ಬರು ಮಗಳ ಮದುವೆಗೆಂದು ಅಕ್ಕನಿಂದ ಸೀರೆ ನೇಯಿಸಿಕೊಂಡರು. ಅಕ್ಕ ಅದರ ಬದಲಿಗೆ ಅವರ ಹಳೆಯ ಡಿಜಿಟಲ್ ಕ್ಯಾಮರಾ ಕೇಳಿ ತಂದುಬಿಟ್ಟಳು!

"ಬಂಗಾರದಂಥಾ ಸೀರಿ ಕೊಟ್ಟು ಡಬ್ಬಿ ತಂದಾಳ ನೋಡ್ರಿ!" ಎಂದು ಅವ್ವ ಹಣೆ ಬಡಿದುಕೊಂಡಳು.

ಸ್ಟುಡಿಯೋದವರು ಪಾಪ, ಮೊದಲಿನಿಂದ ಕಲಿಸಲು ಕೂತಿದ್ದರು. "ಫೋಟೋ ಅಂದ್ರ ಸಣ್ಣ ಸಣ್ಣ ಚುಕ್ಕಿರಿ ಅಕ್ಕಾರ. ಚುಕ್ಕಿ ಹೆಚ್ಚಾದಂಗ..."

"ಎಳಿ ಹೆಚ್ಚಾದಂಗ ಸೀರಿ ನುಣುಪು. ತಿಳೀತ ಬಿಡ್ರಿ, ಮುಂದ ಹೇಳ್ರಿ" ಎಂದಳು ಅಕ್ಕ. ಪಿಕ್ಸೆಲ್ಲಿನ ಪಾಠ ಅಲ್ಲಿಗೇ ಮುಗಿಯಿತು!

ಮುಗಿಯದೆ ಉಳಿದದ್ದು ಕ್ಯಾಮರಾದ ತಲೆಯ ಮೇಲಿನ ತಿರುಗಣಿಯ ಪಾಠ. ಅದರಲ್ಲಿ ಸಣ್ಣ ಸಣ್ಣ ಚಿತ್ರಗಳಿದ್ದವು. ಒಂದು ಗುಡ್ಡ, ಒಂದು ಹೂವು, ಒಬ್ಬ ಓಡುವ ಮನುಷ್ಯ. ಅವುಗಳ ಅರ್ಥ ಕೇಳುವ ತಾಳ್ಮೆ ಅಕ್ಕನಿಗೆಲ್ಲಿ? ಕಣ್ಣಿಗೆ ಕಾಣುತ್ತದಲ್ಲ!

ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ. ಉಳಿದ ನೇಕಾರರು ಮಗ್ಗದ ಪೂಜೆ ಮಾಡಿ, ಹೋಳಿಗೆ ಉಂಡು ಮಲಗಿದರೆ ನಾವಿಬ್ಬರು ಬಸ್‌ಸ್ಟ್ಯಾಂಡಿನಲ್ಲಿ. ಅವಳ ಕೊರಳಲ್ಲಿ ಕ್ಯಾಮರಾ, ನನ್ನ ಕಂಕುಳಲ್ಲಿ ರೊಟ್ಟಿಯ ಗಂಟು. ಹಾಗೊಮ್ಮೆ ಕಮತಗಿಯ ಹತ್ತಿರ ಆಡಿನ ಹಿಂಡು ಸಿಕ್ಕಿತು. ಆಡುಗಳು ಓಡಿದವು, ಫೋಟೋದಲ್ಲಿ ಬಂದದ್ದು ಬರೀ ಹೊಗೆ! ಅಕ್ಕ ತಿರುಗಣಿ ನೋಡಿದಳು, ನನ್ನನ್ನು ನೋಡಿದಳು.

"ಲೇ ತಮ್ಮಾ, ಇದರಾಗ ಓಡು ಮನಶ್ಯಾನ ಗುರ್ತ ಐತಿ. ಓಡು ಆಡಿನ ಗುರ್ತ ಇಲ್ಲ."

"ಅದಕ ನಾ ಏನ ಮಾಡ್ಲಿ?"

"ನೀ ಆಡಿನ ಜೋಡಿ ಓಡು. ಮನಶ್ಯಾ ಕಂಡ್ರ ಕ್ಯಾಮರಾ ಒಪ್ಪತೈತಿ."

ಓಡಿದೆ! ಮುಂದೆ ಆಡು, ನಡುವೆ ನಾನು, ಹಿಂದೆ "ಹಿಡೀರಿ, ಆಡ ಕದ್ದ ಓಡಾಕತ್ತಾನ!" ಎಂದು ಕೋಲು ಬೀಸುತ್ತ ಬಂದ ಕುರಿಗಾಹಿ. ಆ ಫೋಟೋ ಎಷ್ಟು ಚೆನ್ನಾಗಿ ಬಂದಿದೆಯೆಂದರೆ ಕೋಲಿನ ಗಂಟು ಕೂಡ ಕಾಣುತ್ತದೆ! ಓಡುವ ಯಾವುದಕ್ಕಾದರೂ ಆ ಗುರುತು ನಡೆಯುತ್ತದೆ ಎಂದು ಸ್ಟುಡಿಯೋದವರು ಆಮೇಲೆ ಹೇಳಿದರು. ಆದರೆ ಅಷ್ಟರಲ್ಲಿ ಹೂವಿನ ಗುರುತನ್ನು ನಂಬಿ, ಹಿತ್ತಲಿನ ಓತಿಕ್ಯಾತದ ತಲೆಯ ಮೇಲೆ ಅಕ್ಕ ದಾಸವಾಳ ಇಟ್ಟಾಗಿತ್ತು. ಅದು ಹೂವು ಮುಡಿದುಕೊಂಡೇ ಬೇಲಿ ಹತ್ತಿತು!

ಬೆಳಕಿನ ಪಾಠ ಆದದ್ದು ಬಾದಾಮಿಯಲ್ಲಿ. ಕೆಂಪು ಬಂಡೆಯ ತುದಿಯಲ್ಲಿ ಮಂಗಗಳು ಸಾಲಾಗಿ ಕೂತಿದ್ದವು. ಹಿಂದೆ ಸೂರ್ಯ. ಎಷ್ಟು ತೆಗೆದರೂ ಮಸಿ ಬಳಿದ ಮೋರೆಗಳೇ.

"ಏ ಮಂಗ್ಯಾ, ಈ ಕಡೆ ತಿರಗೋ! ಮಾರಿ ಕಾಣವಲ್ದು" ಎಂದು ಅಕ್ಕ ಬೈಯತೊಡಗಿದಳು.

ಶೇಂಗಾ ಮಾರುವ ಮುದುಕಿ ನಕ್ಕಳು. "ಅದನ್ನ್ಯಾಕ ಬೈತೀಯವ್ವಾ, ನೀನ ಆ ಕಡೆ ಹೋಗಿ ನಿಲ್ಲು."

ಹೋಗಿ ನಿಂತಳು. ಸೂರ್ಯ ಬೆನ್ನಿಗೆ ಬಂದ, ಮಂಗನ ಮೀಸೆಯ ಕೂದಲು ಕೂಡ ಮಿನುಗಿತು! ಅಕ್ಕ ಚಿಕ್ಕ ಹುಡುಗಿಯಂತೆ ಕುಣಿದಳು. ಪಾಠದ ಫೀಜೆಂದು ಇನ್ನೊಂದು ಮಂಗ ನಮ್ಮ ರೊಟ್ಟಿಯ ಗಂಟು ಒಯ್ದಿತು.

ಇಷ್ಟೆಲ್ಲ ಕಲಿತ ಮೇಲೆ ಒಂದು ಅಮಾವಾಸ್ಯೆಗೆ ಅವಳು ಒಬ್ಬಳೇ ಬೇವೂರಿನ ಅತ್ತೆಯ ಮನೆಗೆ ಹೋದಳು. ಸಂಜೆ ಬಸ್ಸಿಳಿದವಳು ಓಣಿಯ ತುದಿಯಿಂದಲೇ ಕೂಗಿದಳು: "ತ್ವಾಳ! ಖರೇ ತ್ವಾಳ! ಕಲ್ಲಿನ ಮ್ಯಾಲ ನಿಂತಿತ್ತು, ಒತ್ತಿದೆ!"

ತೋಳವನ್ನು ತೋರಿಸು ಎಂದರೆ ತೋರಿಸುವುದು ಹೇಗೆ? ಒತ್ತಿದ ಕೂಡಲೇ ಸೆಲ್ಲು ಸತ್ತು, ಕ್ಯಾಮರಾ ಕಣ್ಣು ಮುಚ್ಚಿತ್ತು. ಆ ಫೋಟೋ ಹೇಗೆ ಬಂದಿದೆಯೆಂದು ಅವಳೇ ನೋಡಿರಲಿಲ್ಲ.

ಚಹಾದ ಅಂಗಡಿಯಲ್ಲಿ ಕೂತವರು ಬಿಡುತ್ತಾರೆಯೇ? "ಅಕ್ಕಾರ, ತ್ವಾಳ ನಿಮಗ ಶರಣ್ರಿ ಅಂತಂತೇನ್ರಿ? ಬೇವೂರಾಗ ನಾಯಿಗೋಳು ಭಾಳ ಅದಾವ್ರಿ!"

"ಬಾಗಲಕೋಟಿಗೆ ಹೋಗಿ ದೊಡ್ಡ ಫೋಟೋ ಮಾಡಿಸ್ಕೊಂಡ ಬರ್ತೇನಿ. ಇದ ಅಂಗಡ್ಯಾಗ ತೂಗ ಹಾಕ್ತೇನಿ. ಆವಾಗ ಮಾತಾಡ್ರಿ!" ಎಂದು ಅಕ್ಕ ಸವಾಲು ಹಾಕಿದಳು.

ಮರುದಿನ ಹುನಗುಂದದಲ್ಲಿ ನನ್ನ ಹೆಂಡತಿಯ ತಮ್ಮನ ನಿಶ್ಚಯವಿತ್ತು. ಬೀಗರ ಮುಂದೆ ಮೆರೆಯಲು ನಾನು ಕ್ಯಾಮರಾ ಕೇಳಿದೆ. ಅಕ್ಕ ಕೊಟ್ಟಳು. "ಕಾರ್ಡ ತುಂಬೇತಿ. ನಾಯಿ ಫೋಟೋ ಬೇಕಾದಷ್ಟ ಅದಾವು, ಅಳಸಿ ಜಾಗ ಮಾಡ್ಕೊ. ತ್ವಾಳ ಮಾತ್ರ ಮುಟ್ಟಬ್ಯಾಡ. ಬಾಲ ನೋಡು. ನಾಯಿದು ಮ್ಯಾಲ ಸುತ್ತಿರತೈತಿ, ತ್ವಾಳದ್ದು ಜೋತ ಬಿದ್ದಿರತೈತಿ."

ಹೊಸ ಸೆಲ್ಲು ಹಾಕಿ ನಿಶ್ಚಯದ ಮನೆಯ ಕಟ್ಟೆಯ ಮೇಲೆ ಕೂತು ಅಳಿಸತೊಡಗಿದೆ. ಮಲಗಿದ ನಾಯಿ, ಆಕಳಿಸುವ ನಾಯಿ, ಕೆರೆದುಕೊಳ್ಳುವ ನಾಯಿ. ಹೆಬ್ಬೆರಳು ಲಾಳಿಯಂತೆ ಓಡುತ್ತಿತ್ತು. ಒಳಗಿಂದ "ಫೋಟೋದವರ, ಲಗೂನ ಬರ್ರಿ!" ಎಂದು ಕೂಗಿದರು. ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನನ್ನು ಫೋಟೋದವರೇ ಎಂದಿದ್ದರು! ಉಬ್ಬಿಹೋದೆ. ಎರಡು ಒತ್ತು ಒತ್ತಿ ಎದ್ದೆ. ಎರಡನೆಯದನ್ನು ಒತ್ತುವಾಗ ಕಂಡಿತು, ಜೋತುಬಿದ್ದ ಬಾಲ. ಕಂಡದ್ದೂ ಹೋದದ್ದೂ ಒಟ್ಟಿಗೇ.

ಖರೆ ಹೇಳಬೇಕೆಂದರೆ, ಅಕ್ಕನ ತೋಳವನ್ನು ನಾನೂ ನಂಬಿರಲಿಲ್ಲ. ನಂಬಿದ್ದರೆ ನಿಧಾನವಾಗಿ ನೋಡುತ್ತಿದ್ದೆ.

ಅವಳಿಗೆ ಹೇಳಲಿಲ್ಲ. ಇಬ್ಬರೂ ಬಾಗಲಕೋಟೆಗೆ ಹೋಗಿ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಕಾರ್ಡು ತೆರೆಸಿದಾಗ ನನ್ನ ಬೀಗರು ಹೋಳಿಗೆ ತಿನ್ನುತ್ತ ಕಂಡರು. ತೋಳ ಕಾಣಲಿಲ್ಲ. ಅಕ್ಕ ಮತ್ತೆ ಮತ್ತೆ ಹಿಂದಕ್ಕೆ ಮುಂದಕ್ಕೆ ಮಾಡಿಸಿದಳು. "ಸೆಲ್ಲು ಸತ್ತದ್ದಕ್ಕ ಫೋಟೋ ಉಳಿದಿಲ್ಲ ಕಾಣಸ್ತೈತಿ ಅಕ್ಕಾ" ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು.

ಇಳಕಲ್ಲಿಗೆ ಬಂದು ಇಳಿದರೆ ಚಹಾದ ಅಂಗಡಿಯವರು ಕಾದೇ ಕೂತಿದ್ದರು. "ಎಲ್ಲೈತ್ರೀ ಅಕ್ಕಾರ ತ್ವಾಳ? ಯಾರರ ಕದ್ದರೇನು?"

ಆಡಿನ ಜೊತೆಗೂ ಮಂಗನ ಜೊತೆಗೂ ಜಗಳಾಡಿ ಗೆದ್ದ ನಮ್ಮ ಅಕ್ಕ, ಸೋಲೆಂಬುದನ್ನೇ ಅರಿಯದ ಅಕ್ಕ, ಸೆರಗು ಸರಿಮಾಡಿಕೊಂಡು ಹೇಳಿದಳು: "ನಾಯಿನ ಇತ್ರಿ. ನನ್ನ ಕಣ್ಣಿಗೆ ಹಂಗ ಕಾಣಸ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ಮುಖ ಎತ್ತಲು ಆಗುವುದಿಲ್ಲ.

ಓಣಿಯಲ್ಲಿ ಮುಂದೆ ನಡೆಯುತ್ತಿದ್ದವಳು ತಿರುಗದೆಯೇ ಮೆಲ್ಲಗೆ ಕೇಳಿದಳು. "ಲೇ ತಮ್ಮಾ, ಅದರ ಕಣ್ಣು ಸ್ಪಷ್ಟ ಬಂದಿತ್ತೇನು?"

"ಯಾವುದರದು ಅಕ್ಕಾ?" ಎಂದೆ.

"ಹೋಗ್ಲಿ ಬಿಡು" ಎಂದು ನಡೆದಳು. ಮತ್ತೆಂದೂ ಕೇಳಲಿಲ್ಲ. ಆ ಅಂಗಡಿಯಲ್ಲಿ ಇವತ್ತಿಗೂ ಅವಳನ್ನು ನಾಯಿಗೆ ತೋಳ ಅಂದವಳು ಎಂದೇ ಕರೆಯುತ್ತಾರೆ.

ಓಣಿಯವರೇ, ಅದು ತೋಳವೇ. ಆ ಫೋಟೋ ನೋಡಿದವನು ಲೋಕದಲ್ಲಿ ನಾನೊಬ್ಬನೇ.

ಬಂದಿತ್ತಕ್ಕಾ. ಎರಡೂ ಕಣ್ಣು ಬಂದಿದ್ದವು. ನಿನ್ನನ್ನೇ ನೋಡುತ್ತಿದ್ದವು.