ಬೆನ್ನಿಗೆ ಎರಡು ತಟ್ಟು

ನನ್ನಷ್ಟು ತಾಳ್ಮೆಯವಳು ಹದಿನಾಲ್ಕು ಲೋಕ ಜಾಲಾಡಿದರೂ ಸಿಗುವುದಿಲ್ಲ. ಇದನ್ನು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ, ನಿಜ. ಆದರೆ ಬೇರೆ ಯಾರೂ ಹೇಳಲು ಮುಂದೆ ಬಾರದ ಕಾರಣ ನಾನೇ ಹೇಳಬೇಕಾಗಿದೆ. ಶಾಲೆಯ ಮೆಟ್ಟಿಲು ಹೆಚ್ಚು ಸವೆಸಿದವಳಲ್ಲ, ಕಲಿತದ್ದೆಲ್ಲ ಕಿವಿಯಿಂದ. ಬೀದಿಯಲ್ಲಿ ಯಾರಿಗೆ ಏನು ಸಂಕಟವಾದರೂ ನಮ್ಮ ಬಾಗಿಲಿಗೆ ಬಂದು ಕೂರುತ್ತಾರೆ. ನಾನು ಸೊಪ್ಪು ಸೋಸುತ್ತಾ ಹೂಂಗುಟ್ಟುತ್ತೇನೆ. ಹೀಗಿರುವಾಗ ಸೂಜಿ ಬಂದು, "ಅಕ್ಕ, ಬೈಕಲ್ಲಿ ಬೆಟ್ಟದ ಸೀಮೆ ಪೂರ್ತಿ ಸುತ್ತಿ ಬರೋಣ, ಹಿಂದೆ ಕೂತ್ಕೋತೀಯಾ?" ಎಂದಾಗ, ಆ ಹಿಂದಿನ ಸೀಟು ಹುಟ್ಟಿದ್ದೇ ನನಗಾಗಿ ಎಂದು ತೀರ್ಮಾನಿಸಿಬಿಟ್ಟೆ.

ಸೂಜಿ ನನ್ನ ಗೆಳತಿ. ಹೊಲಿಗೆ ಅಂಗಡಿಯವಳು, ಮೈಯೂ ಹಾಗೇ ಸಣಕಲು, ಅದಕ್ಕೇ ಆ ಹೆಸರು. ಹೊಲಿದ ಸಮವಸ್ತ್ರಗಳನ್ನು ಶಾಲೆಗಳಿಗೆ ಮುಟ್ಟಿಸಲೆಂದು ಬೈಕ್ ಕಲಿತಳು. ತಲೆ ಬೆಳ್ಳಗಾದರೂ ಬೈಕ್ ಬಿಡಲಿಲ್ಲ.

ಮಗ ತಲೆ ಚಚ್ಚಿಕೊಂಡ. "ಅಮ್ಮ, ನಿನಗೆ ಸೊಂಟ ಇಲ್ಲ, ಅವರಿಗೆ ಮಂಡಿ ಇಲ್ಲ. ಇಬ್ಬರನ್ನೂ ಸೇರಿಸಿದ್ರೂ ಒಂದು ಪೂರ್ತಿ ಮನುಷ್ಯ ಆಗಲ್ಲ."

"ಬೈಕಿಗೆ ನಮ್ಮ ಸೊಂಟ ಯಾಕೋ? ಪೆಟ್ರೋಲ್ ಸಾಕು" ಎಂದು ಹೇಳಿ ಹೊರಟೆ.

ಆ ಬೆಟ್ಟಗಳೋ, ದಾರದುಂಡೆಯನ್ನು ಬೆಕ್ಕು ಎಳೆದಾಡಿದಂಥ ರಸ್ತೆ! ಒಂದು ತಿರುವಿನಲ್ಲಿ ಬೆಂಕಿಯಂಥ ಬಿಸಿಲು, ಮುಂದಿನ ತಿರುವಿನಲ್ಲಿ ಸುರಿಮಳೆ. ಒಂದು ಕಡೆ ಬಾಳೆ, ಜರಿಗಿಡ, ಇನ್ನೊಂದು ಕಡೆ ಏನೂ ಇಲ್ಲ. ಬರೀ ಗಾಳಿ. ಇಂಥ ಕಡೆ ಹಿಂದೆ ಕೂತವಳು ಸುಮ್ಮನೆ ಕೂರುವುದು ಧರ್ಮವಲ್ಲವಷ್ಟೆ? ನನ್ನ ಕೈಲಾದ ಸಹಾಯ ಮಾಡುತ್ತಿದ್ದೆ.

"ಕಲ್ಲಿದೆ ಕಣೇ, ಎಡಕ್ಕೆ."

"ನೋಡಿದೆ ಅಕ್ಕ."

"ನೋಡಿದ್ಮೇಲೆ ನಿಧಾನ ಮಾಡ್ಬೇಕಲ್ವಾ?"

"ಮಾಡಿದೀನಿ ಅಕ್ಕ."

"ಇನ್ನೂ ಸ್ವಲ್ಪ ಮಾಡು."

"ಇನ್ನೂ ಮಾಡಿದ್ರೆ ನಿಂತೇ ಹೋಗುತ್ತೆ."

ಕಡಿದಾದ ಏರು ಬಂದರೆ ನಾನು ಇಳಿದು ನಡೆಯಬೇಕು, ಇಬ್ಬರ ಭಾರಕ್ಕೆ ಗಾಡಿ ಉಸಿರು ಬಿಡುತ್ತಿತ್ತು. ಏರು ಮುಗಿದ ಕಡೆ ಸೂಜಿ ಎಂಜಿನ್ ಆರಿಸದೆ ಕಾಯುವಳು. ನಾನು ಹತ್ತಿ ಅವಳ ಬೆನ್ನಿಗೆ ಎರಡು ಬಾರಿ ತಟ್ಟಬೇಕು. ಎರಡು ತಟ್ಟು ಎಂದರೆ 'ಹತ್ತಿದೆ, ಹೊರಡು' ಎಂದು ಅರ್ಥ. ಹೆಲ್ಮೆಟ್ಟಿನೊಳಗೆ ಕಿವಿ ಕೇಳದೆ ಹೋದರೂ ಬೆನ್ನಿಗೆ ಕೇಳುತ್ತದಲ್ಲ.

ಹೊರಟ ಮಾರನೆಯ ದಿನವೇ ಸೂಜಿ ನನ್ನ ನೆಮ್ಮದಿಗೆ ಕೊಳ್ಳಿ ಇಟ್ಟಳು.

"ಅಕ್ಕ, ನಿನ್ನ ಹತ್ರ ಒಂದು ಮಾತು ಹೇಳ್ಬೇಕಿತ್ತು."

"ಹೇಳು."

"ಈಗ ಬೇಡ. ನಿನ್ನ ಮುಖ ನೋಡ್ಕೊಂಡು ಹೇಳೋಕೆ ನನ್ನ ಕೈಲಾಗಲ್ಲ. ಗಾಡಿ ಓಡಿಸ್ತಾ ಹೇಳ್ತೀನಿ."

ಅಷ್ಟೇ. ಮೈಮೇಲೆ ಕೆಂಜಿಗ ಬಿಟ್ಟಂತಾಯಿತು. ಮುಖ ನೋಡಿಕೊಂಡು ಹೇಳಲಾಗದ ಮಾತು ಏನಿರಬಹುದು? ಕಾಯಿಲೆಯೇ? ಮಗಳ ಊರಿಗೆ ಹೋಗಿ ನೆಲೆಸುತ್ತಾಳೆಯೇ? ಲಂಗ ತೊಟ್ಟ ಕಾಲದ ಗೆಳೆತನ ನಮ್ಮದು. ಇವಳಿಲ್ಲದ ಬೀದಿಯಲ್ಲಿ ನಾನು ಯಾರ ಜೊತೆ ಮುದುಕಿಯಾಗಲಿ? ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ತಂಗಿದ ಕಡೆಯಲ್ಲೆಲ್ಲ ಅವಳು ಗೊರಕೆ ಹೊಡೆಯುವಳು, ನಾನು ಮಗ್ಗಲು ಬದಲಿಸುವೆನು.

ಅವಳೂ ಪ್ರಯತ್ನ ಪಟ್ಟಳು ಅನ್ನಿ. "ಅಕ್ಕ, ಅದೇನಂದ್ರೆ..." ಎಂದು ಶುರುಮಾಡುವಷ್ಟರಲ್ಲಿ ಎದುರಿಗೆ ಬಸ್ಸು ಬರುತ್ತಿತ್ತು. "ಬಸ್ಸು, ಬಸ್ಸು!" ಎಂದು ನಾನು ಎಚ್ಚರಿಸದೆ ಇರಲಾದೀತೇ? ಮಾತು ಅಲ್ಲಿಗೇ ತುಂಡಾಗುತ್ತಿತ್ತು. ಇನ್ನೊಮ್ಮೆ ಶುರುಮಾಡಿದಳು, ಎಮ್ಮೆ ಅಡ್ಡ ಬಂತು. ಆ ಸೀಮೆಯ ಎಮ್ಮೆಗಳಿಗೆ ಹೊತ್ತುಗೊತ್ತು ಇಲ್ಲ.

ಎಲ್ಲಕ್ಕಿಂತ ಎತ್ತರದ ಘಾಟಿ ದಾಟುವ ದಿನ ಬಂತು. ಕಡಿದಾದ ಒಂದು ಏರು ಮುಗಿಸಿ, ಏದುಸಿರು ಬಿಡುತ್ತಾ ಗಾಡಿಯ ಹತ್ತಿರ ಬಂದೆ. ಹಿಂದೆ ಕಟ್ಟಿದ್ದ, ನನ್ನ ಕಂಬಳಿ ಸುತ್ತಿದ ಹಾಸಿಗೆ ಗಂಟು ಒಂದು ಮಗ್ಗುಲಿಗೆ ಜೋತುಬಿದ್ದಿತ್ತು. ಹಗ್ಗ ಬಿಗಿಯೋಣವೆಂದು ಗಂಟನ್ನು ಎತ್ತಿ ನನ್ನ ಸೀಟಿನ ಮೇಲೆ ಇಟ್ಟೆ. ಅದು ವಾಲಿ ಸೂಜಿಯ ಬೆನ್ನಿಗೆ ಧಪ್ ಎಂದು ಒರಗಿತು. ಹಿಂದಕ್ಕೆ ಎಳೆದೆ. ಮತ್ತೆ ಧಪ್.

ಎರಡು ತಟ್ಟು!

ಬೈಕ್ ಹೊರಟೇ ಹೋಯಿತು. "ಏ ಸೂಜಿ, ಸೂಜೀ" ಎಂದು ಕೂಗಿದೆ. ಬೆಟ್ಟವೆಲ್ಲ ಓಗೊಟ್ಟಿತು, ಅವಳೊಬ್ಬಳನ್ನು ಬಿಟ್ಟು. ನನ್ನ ಮೊಬೈಲೂ ಆ ಗಂಟಿನೊಳಗೇ ಸವಾರಿ ಹೊರಟಿತ್ತು. ಸ್ವಲ್ಪ ಹೊತ್ತಿಗೆ ನನ್ನ ತಲೆಯ ಮೇಲಿನ ತಿರುವಿನಲ್ಲಿ ಬೈಕ್ ಕಂಡಿತು. ಗಂಟು ಅವಳ ಬೆನ್ನಿಗೊರಗಿ ಹಾಯಾಗಿ ಕುಳಿತಿದೆ. ಸೂಜಿ ತಲೆ ಆಡಿಸುತ್ತಿದ್ದಾಳೆ, ಒಂದು ಕೈ ಬಿಟ್ಟು ಗಾಳಿಯಲ್ಲಿ ಬೀಸುತ್ತಿದ್ದಾಳೆ. ಹೇಳುತ್ತಿದ್ದಾಳೆ! ಇಷ್ಟು ದಿನ ನಾನು ನಿದ್ದೆಗೆಟ್ಟು ಕಾದ ಮಾತನ್ನು ನನ್ನ ಕಂಬಳಿಗೆ ಹೇಳುತ್ತಿದ್ದಾಳೆ.

ಪುಣ್ಯಕ್ಕೆ ಬಾಳೆಗೊನೆ ತುಂಬಿದ ಲಾರಿಯೊಂದು ಬಂತು. ಕೈ ಅಡ್ಡ ಹಾಕಿ ಹತ್ತಿದೆ.

"ಬೇಗ ಬಿಡಪ್ಪ, ಮುಂದೆ ಹೋದ ಬೈಕ್ ಹಿಡೀಬೇಕು. ಅಯ್ಯೋ, ತಿರುವು, ಮೆಲ್ಲಗೆ."

ಚಾಲಕ ನನ್ನ ಕಡೆ ನೋಡಿದ. "ಅಜ್ಜಿ, ಬೇಗ ಹೋಗ್ಲೋ ಮೆಲ್ಲಗೆ ಹೋಗ್ಲೋ? ಯಾವ್ದಾದ್ರೂ ಒಂದು ಹೇಳಿ."

"ಬೇಗಾನೇ ಹೋಗು. ಆದ್ರೆ ಮೆಲ್ಲಗೆ."

ಅವನು ಒಂದು ಬಾಳೆಹಣ್ಣು ಸುಲಿದು ಕೈಗಿತ್ತ. ತಿಂದು ಮುಗಿಸಿ, "ಹಾರ್ನ್ ಹೊಡಿ" ಎನ್ನುವಷ್ಟರಲ್ಲಿ ಇನ್ನೊಂದು ಕೊಟ್ಟ. ಅದು ಮುಗಿದು ಬಾಯಿ ತೆರೆದರೆ ಮತ್ತೊಂದು. ಗುರುತಿಲ್ಲದ ಮುದುಕಿಯ ಹಸಿವಿನ ಮೇಲೆ ಎಂಥ ಕನಿಕರ ಎಂದು ಮನಸ್ಸಿನಲ್ಲೇ ಹರಸಿದೆ.

ಬೆಟ್ಟದ ನೆತ್ತಿಯ ಮೇಲೆ ಒಂದು ಚಹದಂಗಡಿ. ಬೆಂಚಿನ ಮೇಲೆ ಎರಡು ಲೋಟ ಚಹ ಆರುತ್ತಿತ್ತು. ಸೂಜಿ ಬೈಕನ್ನು ಬಂದ ದಾರಿಗೆ ತಿರುಗಿಸುತ್ತಿದ್ದಳು. ಲಾರಿಯಿಂದ ಇಳಿದ ನನ್ನನ್ನು ಕಂಡವಳೇ ಬೈಕನ್ನು ಅಲ್ಲೇ ಬಿಟ್ಟು ಓಡಿಬಂದು ತಬ್ಬಿಕೊಂಡಳು.

"ಲೋಟ ನಿನ್ನ ಕೈಗೆ ಕೊಡೋಣ ಅಂತ ತಿರುಗಿದ್ರೆ ಕಂಬಳಿ ಕಣೇ ಅಕ್ಕ. ಪ್ರಪಾತಕ್ಕೆ ಬಿದ್ದೆ ಅನ್ಕೊಂಡೆ. ನಿನ್ನ ಮಗನಿಗೆ ಏನು ಹೇಳ್ಲಿ ಅಂತ..." ಅತ್ತೇಬಿಟ್ಟಳು.

ನನಗೂ ಕಣ್ಣು ತುಂಬಿತು. ಆದರೂ ಮನಸ್ಸು ತಡೆಯಬೇಕಲ್ಲ.

"ಅದಿರ್ಲಿ. ಆ ಮಾತೇನು?"

"ಹೇಳಾಯ್ತಲ್ಲ."

"ಕಂಬಳಿಗೆ ಹೇಳಿದ್ದು ನನಗೆ ಹೇಗೆ ಗೊತ್ತಾಗ್ಬೇಕು?"

"ಇನ್ನೊಂದ್ಸಲ ಹೇಳೋಕಾಗಲ್ಲ ಅಕ್ಕ. ಇದ್ದ ಧೈರ್ಯ ಎಲ್ಲಾ ದಾರೀಲೇ ಮುಗೀತು."

"ಕಾಯಿಲೆಯೇನೇ?"

"ಅಲ್ಲ."

"ಮಗಳ ಊರಿಗೆ ಹೊರಟೆಯಾ?"

"ಇಲ್ಲ ಅಕ್ಕ, ಸ್ವಲ್ಪ—"

"ಅಂಗಡಿ ಮುಚ್ತೀಯಾ? ಯಾರಾದ್ರೂ ಏನಾದ್ರೂ ಅಂದ್ರಾ? ಹೇಳೇ, ಬಾಯಿಗೇನಾಗಿದೆ ನಿನಗೆ?"

"ಇದೇ ಅಕ್ಕ" ಎಂದಳು ಸೂಜಿ.

"ಯಾವುದು ಕಣೇ?"

ಅವಳು ನೆಲ ನೋಡುತ್ತಾ ಹೇಳಿದಳು: "ಹಿಂದೆ ಕೂತು ನೀನು ಗಾಡಿ ಓಡಿಸ್ಬೇಡ, ಸ್ವಲ್ಪ ಬಾಯಿ ಮುಚ್ಕೊಂಡು ಬಾ ಅಂತ ಹೇಳಿದೆ. ನೀನು ತುಟಿ ಎರಡು ಮಾಡ್ಲಿಲ್ಲ. ಅಕ್ಕ ಎಂಥ ದೊಡ್ಡ ಮನಸ್ಸಿನವಳು, ಒಂದೇ ಮಾತಿಗೆ ತಿದ್ಕೊಂಡ್ಲು ಅಂತ ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಸುತ್ತಿದೀವಿ, ಈ ಬೆಟ್ಟದಲ್ಲಿ ಹಕ್ಕಿ ಕೂಗುತ್ತೆ ಅನ್ನೋದು ಇವತ್ತೇ ಗೊತ್ತಾಗಿದ್ದು. ಇಲ್ಲೇ ಈ ಮರದಲ್ಲೂ ಒಂದು ಕೂಗ್ತಾ ಇತ್ತು, ಎಷ್ಟು ಚೆನ್ನಾಗಿ ಅಂತೀಯಾ."

ನಾನು ಮರದ ಕಡೆ ಕಿವಿ ಕೊಟ್ಟೆ. ಏನೂ ಕೇಳಿಸಲಿಲ್ಲ. ಸೋಲೊಪ್ಪಲು ಮನಸ್ಸಾಗದೆ, "ಲಾರಿ ಸದ್ದಿಗೆ ಹಾರಿಹೋಗಿರ್ಬೇಕು" ಎಂದೆ.

"ಇಲ್ಲ ಅಕ್ಕ" ಎಂದಳು ಸೂಜಿ, ಆರಿದ ಚಹ ನನ್ನ ಕೈಗಿಡುತ್ತಾ. "ಲಾರಿ ಬಂದು ನಿಂತಾಗಲೂ ಕೂಗ್ತಾನೇ ಇತ್ತು. ನೀನು ಇಳಿದು ಮಾತು ಶುರುಮಾಡಿದೆ ನೋಡು, ಆಗ ಹೋಯ್ತು."